ವಿಮಾನ ಪರಿಚಾರಕರ ಪರಿಭಾಷೆ

ಕಳೆದ ಗೌರಿಹಬ್ಬದ ದಿನ ಬೆಂಗಳೂರಿನಲ್ಲಿ ಬಂಧುಗಳೊಬ್ಬರ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಮೊದಲು ಮಾಡುವುದಕ್ಕೆ ವಾಚಕರು ಅನುಮತಿ ಕೊಡಬೇಕು. ಆ ಮನೆಯ ಮೊಮ್ಮಗಳು ವಿಮಾನದಲ್ಲಿ ಪರಿಚಾರಿಕೆಯಾಗಿ ಕೆಲಸಮಾಡುವವಳು. ಎಲ್ಲರೂ ಹಬ್ಬದ ಸೀರೆಯುಟ್ಟು ಓಡಾಡುತ್ತಿರಲು ಈಕೆ ಮಾತ್ರ ತಲೆಯನ್ನು ಬಿಗಿದು ಬಾಚಿಕೊಂಡು, ಇಸ್ತ್ರಿಮಾಡಿದ ಸಮವಸ್ತ್ರವನ್ನು ಕುರ್ಚಿಯ ಮೇಲೆ ಹರವಿ, ಕಟ್ಟಿದ ಪೆಟ್ಟಿಗೆಯನ್ನು ಬಾಗಿಲ ಬಳಿ ನಿಲ್ಲಿಸಿ, ಊಟದೆಲೆಯ ಪಕ್ಕದಲ್ಲಿ ಫೋನನ್ನು ಇಟ್ಟುಕೊಂಡು ಕುಳಿತಿದ್ದಳು. ಅಜ್ಜಿ ಕೇಳಿದರು: “ಈ ಹೊತ್ತು ನಿನಗೆ ರಜವೋ ಕೆಲಸವೋ?” ಹುಡುಗಿ, “ಎರಡೂ ಅಲ್ಲ ಅಜ್ಜಿ, ಸ್ಟ್ಯಾಂಡ್‌ಬೈ” ಎಂದಳು. ಅದರ ಅರ್ಥವನ್ನು ಅವಳಿಂದ ಕೇಳಿ ತಿಳಿದುಕೊಂಡ ಮೇಲೆ ಅಜ್ಜಿ, “ಹಾಗಾದರೆ ಕುಳಿತುಕೊಂಡೇ ನಿಂತಿರುವುದು ಎನ್ನು” ಎಂದರು. ಎಲ್ಲರೂ ನಕ್ಕರು. ನಮಗೆ ಮಾತ್ರ ಆ ಮಾತು ಒಳ್ಳೆಯ ವಿಮರ್ಶಕರೊಬ್ಬರ ಮೊದಲ ವಾಕ್ಯದಂತೆ ಕೇಳಿಸಿತು.

ಸಾಹಿತ್ಯದ ಮಾಸಪತ್ರಿಕೆಯಲ್ಲಿ ವಿಮಾನದ ಮಾತೇಕೆ ಎಂದು ಕೆಲವರು ಕೇಳಬಹುದು. ಬೇಸಾಯಗಾರನ, ಕಮ್ಮಾರನ, ಅಂಬಿಗನ ಮಾತುಗಳನ್ನು ಕೂಡಿಹಾಕುವುದು ನುಡಿಯ ಸೇವೆಯೆಂದು ನಾವು ಎಂದೋ ಒಪ್ಪಿಕೊಂಡಿದ್ದೇವೆ. ನೊಗ, ಮೇಣಿ, ಕುಳ ಎಂಬ ಶಬ್ದಗಳಲ್ಲಿ ಒಂದು ಜನದ ಬಾಳು ಅಡಗಿದೆಯೆನ್ನುವುದಾದರೆ, ಇಂದು ನಮ್ಮ ಮನೆಗಳ ಮಕ್ಕಳೇ ಹಗಲಿರುಳೂ ಆಡುತ್ತಿರುವ ಒಂದು ಕಸುಬಿನ ನುಡಿಯನ್ನು ಏಕೆ ಪರೀಕ್ಷಿಸಬಾರದು? ಪರೀಕ್ಷೆಗೆ ಬೇಕಾದ ಸಾಧನಗಳನ್ನು ನಮ್ಮ ಲಾಕ್ಷಣಿಕರು ಒದಗಿಸಿಯೇ ಇದ್ದಾರೆ. ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂಬ ಮೂರು ಶಕ್ತಿಗಳನ್ನು ಹೇಳುತ್ತಾರೆ. ಕ್ಷೇಮೇಂದ್ರನು ಇವೆಲ್ಲಕ್ಕೂ ಮೇಲೆ ಔಚಿತ್ಯವೆಂಬ ಅಳತೆಗೋಲನ್ನಿಟ್ಟನು. ಕಾವ್ಯದಲ್ಲಿ ಅನುಚಿತವಾದ ಮಾತು ರಸಭಂಗವನ್ನು ಮಾಡುತ್ತದೆ. ಕಸುಬಿನ ಮಾತು ಅನುಚಿತವಾದರೆ ಅದರಿಂದ ಕೂಲಿಗೂ ನಿದ್ರೆಗೂ, ಕೆಲವು ವೇಳೆ ಪ್ರಾಣಕ್ಕೂ ಭಂಗ ಬರುತ್ತದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಈ ನುಡಿಯ ಹುಟ್ಟೂರು ನಮ್ಮ ದೇಶವಲ್ಲ. ೧೯೧೨ರಲ್ಲಿ ಜರ್ಮನಿಯ ಹವಾನೌಕೆಯೊಂದರಲ್ಲಿ ಹೈನ್ರಿಶ್ ಕೂಬಿಸ್ ಎಂಬಾತನು ಪ್ರಯಾಣಿಕರ ಆರೈಕೆಗೆ ನಿಂತನು. ಆಕಾಶದಲ್ಲಿ ಈ ಕೆಲಸವನ್ನು ಮಾಡಿದ ಮೊದಲಿಗನೆಂದು ಆತನನ್ನು ಎಣಿಸುತ್ತಾರೆ. ಹೆಂಗಸರಲ್ಲಿ ಮೊದಲಿನವಳು ಎಲೆನ್ ಚರ್ಚ್. ೧೯೩೦ನೆಯ ಇಸವಿ ಮೇ ೧೫ರಂದು ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯ ವಿಮಾನದಲ್ಲಿ ಓಕ್ಲೆಂಡಿನಿಂದ ಶಿಕಾಗೋವಿನ ಕಡೆಗೆ ಹೊರಟಳು. ಆಕೆಯೂ ಆಕೆಯ ಜೊತೆಗೆ ಕೆಲಸಕ್ಕೆ ಸೇರಿದ ಏಳು ಮಂದಿಯೂ ದಾದಿಯರ ವಿದ್ಯೆಯನ್ನು ಕಲಿತವರು. ೧೯೩೬ರಲ್ಲಿ ಅಮೆರಿಕದ ರೈಲ್ವೆ ಕಾರ್ಮಿಕರ ಕಾಯಿದೆಯನ್ನು ವಿಮಾನ ಕಂಪನಿಗಳಿಗೂ ವಿಸ್ತರಿಸಿದರು. ಮುಂದೆ ಸಂಘಗಳು ಕಂಪನಿಗಳೊಡನೆ ಕುಳಿತು ಕರಾರುಗಳನ್ನು ಬರೆದಂತೆಲ್ಲ, ಒಂದೊಂದು ಶಬ್ದಕ್ಕೂ ಇಷ್ಟೇ ಅರ್ಥವೆಂದು ಗೆರೆ ಹಾಕುವ ಪದ್ಧತಿ ಅಲ್ಲಿ ಬೆಳೆಯಿತು. ಆದಕಾರಣ ಈ ಪರಿಭಾಷೆಯನ್ನು ಅದರ ತುಂಬು ರೂಪದಲ್ಲಿ ನೋಡಬೇಕಾದರೆ ಅಮೆರಿಕದ ಬಳಕೆಯನ್ನೇ ನೋಡಬೇಕು. ನಮ್ಮ ಮಕ್ಕಳು ಆಡುವ ಮಾತುಗಳಲ್ಲಿ ಬಹುಪಾಲು ಆ ಮರದ ಕೊಂಬೆಗಳೇ ಆಗಿವೆ.

ಮೊದಲು ಈ ನುಡಿಯ ಕುಲಗೋತ್ರವನ್ನು ವಿಚಾರಿಸೋಣ. ಆಕಾಶಕ್ಕೆ ಸ್ವಂತವಾದ ಮಾತು ಇದರಲ್ಲಿ ಬಹು ಕಡಮೆ. ಕ್ಯಾಪ್ಟನ್, ಕ್ರೂ, ಕ್ಯಾಬಿನ್, ಗ್ಯಾಲಿ, ಪರ್ಸರ್ ಇವೆಲ್ಲ ಹಡಗಿನಿಂದ ಹತ್ತಿ ಬಂದವು. ಪರಿಚಾರಕರು ಕುಳಿತುಕೊಳ್ಳುವ ಮಡಿಸುವ ಪೀಠಕ್ಕೆ ಜಂಪ್‌ಸೀಟ್ ಎಂದು ಹೆಸರು. ಅದು ಕುದುರೆಗಾಡಿಯ ಕಾಲದ ಮಾತು. ಕಂಪನಿಯ ಅಪ್ಪಣೆಯಂತೆ, ಮುಂದಿನ ಕೆಲಸದ ಊರಿಗೋ ಸ್ವಸ್ಥಾನಕ್ಕೋ ಸಾಮಾನ್ಯ ಪ್ರಯಾಣಿಕರಂತೆ ಕುಳಿತು ಹೋಗುವುದನ್ನು ಡೆಡ್‌ಹೆಡ್ ಎನ್ನುತ್ತಾರೆ. ಶಬ್ದಶಃ ನೋಡಿದರೆ ‘ಸತ್ತ ತಲೆ’. ನಾಟಕಶಾಲೆಗೆ ದುಡ್ಡು ಕೊಡದೆ ಬಂದವನಿಗೆ ಇಟ್ಟ ಹೆಸರು ರೈಲಿನಲ್ಲಿ ಬಿಟ್ಟಿ ಪಾಸಿನವನಿಗೂ ಸಂದು, ಅಲ್ಲಿಂದ ವಿಮಾನಕ್ಕೆ ಬಂತು. ಹಳೆಯ ಪಾತ್ರೆಗೆ ಕಲಾಯಿ ಹಾಕಿ ಹೊಸ ಅಡಿಗೆಗೆ ಬಳಸುವ ಈ ಮಿತವ್ಯಯವನ್ನು ನಾವು ದೋಷವೆನ್ನಲಾರೆವು. ಎಲ್ಲ ಜೀವಂತ ಭಾಷೆಗಳೂ ಹೀಗೆಯೇ ಬೆಳೆದಿವೆ. ಪಾತ್ರೆಯ ಹಳೆಯ ರುಚಿ ಹೊಸ ಅಡಿಗೆಗೆ ಹತ್ತುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಬಿಟ್ಟಿ ಪ್ರೇಕ್ಷಕನ ಹೆಸರನ್ನು ಅಪ್ಪಣೆಯ ಮೇಲೆ ಹೊರಟ ಕೆಲಸಗಾರನಿಗೆ ಅಂಟಿಸಿದಾಗ, ಆತನು ಏನನ್ನೋ ಪುಕ್ಕಟೆ ಪಡೆಯುತ್ತಿರುವನೆಂಬ ಒಂದು ನೆರಳು ಅರ್ಥದ ಹಿಂದೆ ನಿಂತೇ ಇರುತ್ತದೆ.

ಈ ಪರಿಭಾಷೆಯಲ್ಲಿ ಮೂರು ಪದರಗಳು ಕಾಣುತ್ತವೆ: ಅಪಾಯವನ್ನು ಕುರಿತ ಮಾತುಗಳು, ಹೊತ್ತನ್ನು ಲೆಕ್ಕಮಾಡುವ ಮಾತುಗಳು, ಕೆಲಸಗಾರರು ತಮ್ಮತಮ್ಮೊಳಗೆ ಹುಟ್ಟಿಸಿಕೊಂಡ ಮಾತುಗಳು. ಇವು ಮೂರೂ ಒಂದೇ ಬಾಯಿಂದ ಹೊರಟರೂ ಗುಣದಲ್ಲಿ ಒಂದಕ್ಕೊಂದು ಬಹಳ ದೂರ.

ಅಪಾಯದ ಮಾತುಗಳನ್ನು ಮೊದಲು ನೋಡೋಣ. ವಿಮಾನದ ಬಾಗಿಲು ಮುಚ್ಚಿದ ಮೇಲೆ ಪರಿಚಾರಕರಿಗೆ ಒಂದು ಆಜ್ಞೆ ಕೇಳಿಬರುತ್ತದೆ. ಅದರ ಕೊನೆಯಲ್ಲಿ ‘ಕ್ರಾಸ್‌ಚೆಕ್’ ಎಂಬ ಮಾತಿರುತ್ತದೆ. ನಮ್ಮಲ್ಲಿ ಅನೇಕರು ಅದನ್ನು ಕೇಳಿಯೂ ಕೇಳದಂತೆ ಪಟ್ಟಿಯನ್ನು ಬಿಗಿದುಕೊಂಡು ಕುಳಿತಿರುತ್ತೇವೆ. ಆ ಕ್ಷಣದಲ್ಲಿ ನಡೆಯುವುದು ಇಷ್ಟು: ಬಾಗಿಲೊಳಗೆ ಮಡಿಸಿಟ್ಟ ಜಾರುಬಂಡೆಯನ್ನು ಸಿದ್ಧಸ್ಥಿತಿಗೆ ತರುತ್ತಾರೆ. ಬಹುಮಟ್ಟಿನ ವಿಮಾನಗಳಲ್ಲಿ ಅದರ ಬುಡದ ಸರಳು ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಾಗಿಲನ್ನು ತೆರೆದೊಡನೆ ಜಾರುಬಂಡೆಯು ತಾನಾಗಿ ಗಾಳಿ ತುಂಬಿಕೊಂಡು ಹೊರಕ್ಕೆ ಚಾಚುವುದು. ಒಬ್ಬರು ತಮ್ಮ ಬಾಗಿಲನ್ನು ಸಿದ್ಧಪಡಿಸುತ್ತಾರೆ. ಎದುರು ಬಾಗಿಲಿನವರು ಅದನ್ನು ಕಣ್ಣಾರೆ ನೋಡಿ ಒಪ್ಪುತ್ತಾರೆ. ಕ್ರಾಸ್‌ಚೆಕ್ ಎಂದರೆ ಇದೇ. ನನ್ನ ಕಣ್ಣನ್ನು ನಾನೇ ನಂಬಬಾರದು, ನೆರೆಯವನ ಕಣ್ಣೂ ಬೇಕು ಎಂಬ ಒಂದು ನೀತಿಯೇ ಆ ಒಂದು ಶಬ್ದದಲ್ಲಿ ಅಡಗಿದೆ. ಪಾಠಾಂತರಗಳನ್ನು ಹೋಲಿಸಿ ಗ್ರಂಥವನ್ನು ಶೋಧಿಸುವ ನಮ್ಮ ಪಂಡಿತರು ಈ ನೀತಿಯನ್ನು ಚೆನ್ನಾಗಿ ಬಲ್ಲರು.

‘ಬ್ರೇಸ್’ ಎಂಬ ಆಜ್ಞೆಯೂ ಹಾಗೆಯೇ. ಒಂದೇ ಉಚ್ಚಾರಣೆಯ ಮಾತು; ಕೂಗಿ ಹೇಳಬಹುದು; ಎರಡನೆಯ ಅರ್ಥಕ್ಕೆ ಎಡೆಯಿಲ್ಲ. ದೊಡ್ಡ ವಿಮಾನದ ಮಾದರಿಗೆ ಅನುಮತಿ ಕೊಡುವ ಮೊದಲು, ಅರ್ಧ ಬಾಗಿಲುಗಳನ್ನು ಮಾತ್ರ ಬಳಸಿ ೯೦ ಸೆಕೆಂಡುಗಳೊಳಗೆ ಎಲ್ಲರನ್ನೂ ಹೊರಕ್ಕೆ ಕಳುಹಿಸಬಹುದೆಂದು ತೋರಿಸಬೇಕೆಂಬ ನಿಯಮವಿದೆ. ೯೦ ಸೆಕೆಂಡುಗಳ ಭಾಷೆಯಲ್ಲಿ ಉಪಮೆಗೂ ಸಮಾಸಕ್ಕೂ ಸ್ಥಳವಿಲ್ಲ. ೨೦೨೪ನೆಯ ಇಸವಿ ಜನವರಿ ೨ರಂದು ಜಪಾನಿನ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ವಿಮಾನವು ಕರಾವಳಿ ರಕ್ಷಣೆಯ ಸಣ್ಣ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಆ ಸಣ್ಣ ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ಮಡಿದರು. ಉರಿಯುತ್ತಿದ್ದ ದೊಡ್ಡ ವಿಮಾನದಲ್ಲಿ ೩೭೯ ಮಂದಿ ಇದ್ದರು. ಒಳಗಿನ ಧ್ವನಿಯಂತ್ರ ಕೆಟ್ಟಿತ್ತು. ಎಂಟು ಬಾಗಿಲುಗಳಲ್ಲಿ ಮೂರು ಮಾತ್ರ ಬಳಸಲು ಯೋಗ್ಯವಾಗಿದ್ದವು. ಪರಿಚಾರಕರು ಮೆಗಾಫೋನು ಹಿಡಿದು, ಅದೂ ಸಾಲದೆಡೆಯಲ್ಲಿ ಬರಿಯ ಗಂಟಲಿನಿಂದ ಕೂಗಿ ಎಲ್ಲರನ್ನೂ ಇಳಿಸಿದರು. ಆ ೩೭೯ ಮಂದಿಯೂ ಉಳಿದರು. ಶಬ್ದಶಕ್ತಿಯೆಂದರೆ ಏನೆಂದು ತಿಳಿಯಬೇಕಾದರೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

ಈ ಪದರದಲ್ಲಿ ಇನ್ನೊಂದು ಮಾತುಂಟು. ಗಂಡಾಂತರದ ವೇಳೆಯಲ್ಲಿ ನೆಲದವರು ಚಾಲಕನನ್ನು, ವಿಮಾನದಲ್ಲಿ ಎಷ್ಟು ಮಂದಿ ಪ್ರಯಾಣಿಕರು ಎಂದು ಕೇಳುವುದಿಲ್ಲ. ‘ಸೋಲ್ಸ್ ಆನ್ ಬೋರ್ಡ್’, ಎಂದರೆ ಎಷ್ಟು ಜೀವಗಳು, ಎಂದು ಕೇಳುತ್ತಾರೆ. ಚೀಟಿಯಿಲ್ಲದ ಮಡಿಲ ಕೂಸೂ, ಚಾಲಕನೂ, ಪರಿಚಾರಕನೂ, ಸತ್ತ ತಲೆಯೆನಿಸಿಕೊಂಡು ಮೂಲೆಯಲ್ಲಿ ಕುಳಿತವನೂ ಆ ಎಣಿಕೆಗೆ ಬರುತ್ತಾರೆ. ಹಡಗಿನವರ ಬಾಯಿಂದ ಬಂದ ಈ ಹಳೆಯ ಮಾತನ್ನು ಯಂತ್ರಯುಗವು ಬಿಡದೆ ಉಳಿಸಿಕೊಂಡಿರುವುದು ಅದರ ಭಾಗ್ಯ. ಒಟ್ಟಿನಲ್ಲಿ ಈ ಮೊದಲ ಪದರದ ಮಾತುಗಳು ಔಚಿತ್ಯದ ಪರೀಕ್ಷೆಯಲ್ಲಿ ಪೂರ್ಣವಾಗಿ ತೇರ್ಗಡೆಯಾಗುತ್ತವೆ.

ಎರಡನೆಯ ಪದರಕ್ಕೆ ಬಂದೊಡನೆ ಗಾಳಿ ಬದಲಾಗುತ್ತದೆ. ಇವು ಹೊತ್ತಿನ ಹೆಸರುಗಳು. ಪರಿಚಾರಕರ ತಿಂಗಳನ್ನು ಹರಿದು, ಹೊಲಿದು, ಹಂಚುವ ಕಚೇರಿಯ ಮಾತುಗಳು.

ಇವುಗಳಲ್ಲಿ ಮುಖ್ಯವಾದದ್ದು ‘ಬ್ಲಾಕ್’. ನಿಂತ ವಿಮಾನವು ಉರುಳದಂತೆ ಚಕ್ರಗಳಿಗೆ ಕೊಡುವ ಮರದ ತುಂಡುಗಳಿಂದ ಈ ಹೆಸರು ಬಂತು. ತುಂಡನ್ನು ತೆಗೆದು ವಿಮಾನ ಅಲುಗಿದ ಗಳಿಗೆಯಿಂದ, ಗುರಿಯ ಊರಿನಲ್ಲಿ ಮತ್ತೆ ನಿಂತ ಗಳಿಗೆಯವರೆಗಿನ ಹೊತ್ತು ಬ್ಲಾಕ್ ಟೈಮ್. ವಿಮಾನದ ಹೊತ್ತನ್ನು ಅಳೆಯುವುದಕ್ಕೆ ಇದು ಒಳ್ಳೆಯ ಮಾತು. ಕಷ್ಟವೆಲ್ಲ ಬಂದದ್ದು ಇದೇ ಅಳತೆಯಿಂದ ಮನುಷ್ಯರ ಕೆಲಸವನ್ನೂ ಅಳೆದುದರಿಂದ. ವಿಮಾನ ಅಲುಗುವುದಕ್ಕೆ ಬಹಳ ಮುಂಚೆಯೇ ಪರಿಚಾರಕರು ಹಾಜರಾಗಬೇಕು; ಬೆಂಕಿಯ ಸಾಮಗ್ರಿ, ಆಮ್ಲಜನಕದ ಬುರುಡೆಗಳು ಸರಿಯಾಗಿವೆಯೇ ಎಂದು ನೋಡಬೇಕು; ಹತ್ತುವವರ ಗಂಟುಮೂಟೆಗೆ ಜಾಗ ಹುಡುಕಬೇಕು; ಮುದುಕರನ್ನು ಕೂರಿಸಬೇಕು; ಪಕ್ಕಪಕ್ಕದ ಆಸನ ಸಿಗಲಿಲ್ಲವೆಂದು ಮುನಿದ ದಂಪತಿಗಳಿಗೆ ಸಮಾಧಾನ ಹೇಳಬೇಕು. ಈ ಹೊತ್ತಿನಲ್ಲೆಲ್ಲ ಚಕ್ರದ ಕೆಳಗಣ ತುಂಡು ಇದ್ದಲ್ಲೇ ಇರುತ್ತದೆ. ಗಂಟೆಯ ಲೆಕ್ಕದ ಸಂಬಳವನ್ನು ಆ ತುಂಡಿಗೆ ಕಟ್ಟಿದ್ದರಿಂದ, ಅಮೆರಿಕದ ಬಹುಮಟ್ಟಿನ ಕಂಪನಿಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕವಾದ ಕೂಲಿ ಬಹುಕಾಲ ಇರಲಿಲ್ಲ.

ಕಂಪನಿಗಳ ಪಕ್ಷದ ಉತ್ತರವನ್ನೂ ಹೇಳುವುದು ನ್ಯಾಯ. ಗಂಟೆಯ ದರವನ್ನು ನಿಶ್ಚಯಿಸುವಾಗ ನೆಲದ ಮೇಲಿನ ಕೆಲಸವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ದರವನ್ನು ಹೆಚ್ಚಾಗಿ ಇಟ್ಟಿದೆ, ಆದುದರಿಂದ ಯಾವ ಕೆಲಸವೂ ಬಿಟ್ಟಿಯಲ್ಲ ಎಂಬುದು ಅವರ ವಾದ. ಲೆಕ್ಕಿಗನು ಇದನ್ನು ಒಪ್ಪಿದರೂ ಒಪ್ಪಬಹುದು. ನುಡಿಯ ವಿಮರ್ಶಕನು ಒಪ್ಪಲಾರನು. ಹೆಸರಿಲ್ಲದ ಹೊತ್ತು ಎಷ್ಟು ಬೆಳೆದರೂ ಯಾರಿಗೂ ಕಾಣುವುದಿಲ್ಲ. ಮಂಜಿನ ದಿನ ವಿಮಾನವು ಎರಡು ಗಂಟೆ ನಿಂತಲ್ಲೇ ನಿಂತರೆ ಪರಿಚಾರಕರ ದುಡಿಮೆಯೂ ಎರಡು ಗಂಟೆ ಬೆಳೆಯುತ್ತದೆ, ಬ್ಲಾಕು ಮಾತ್ರ ಬೆಳೆಯುವುದಿಲ್ಲ. ಆ ಹೊತ್ತಿಗೆ ಒಂದು ಹೆಸರು ಹುಟ್ಟಿದ ಮೇಲೆಯೇ ಅದಕ್ಕೆ ಕೂಲಿ ಬರತೊಡಗಿತೆಂಬುದನ್ನು ಗಮನಿಸಬೇಕು. ೨೦೨೨ರಲ್ಲಿ ಡೆಲ್ಟಾ ಕಂಪನಿಯು ‘ಬೋರ್ಡಿಂಗ್ ಪೇ’ ಎಂಬ ಹೆಸರಿನಿಂದ ಹತ್ತಿಸುವ ಹೊತ್ತಿಗೆ ಅರ್ಧ ದರವನ್ನು ಕೊಡಲು ಆರಂಭಿಸಿತು. ೨೦೨೪ರಲ್ಲಿ ಅಮೆರಿಕನ್ ಏರ್‌ಲೈನ್ಸಿನ ಪರಿಚಾರಕರ ಕರಾರಿನಲ್ಲಿಯೂ ಆ ಹೆಸರು ಸೇರಿತು. ಕೆನಡಾದಲ್ಲಿ ಅದೇ ವಸ್ತುವನ್ನು ‘ಗ್ರೌಂಡ್ ಪೇ’ ಎಂದರು. ೨೦೨೫ನೆಯ ಇಸವಿ ಆಗಸ್ಟ್ ೧೬ರಂದು ಏರ್ ಕೆನಡಾದ ೧೦,೦೦೦ಕ್ಕೂ ಮಿಕ್ಕ ಪರಿಚಾರಕರು ಮುಖ್ಯವಾಗಿ ಈ ಒಂದು ಮಾತಿಗಾಗಿಯೇ ಕೆಲಸ ನಿಲ್ಲಿಸಿದರು. ಒಂದು ದಿನ ತುಂಬುವ ಮೊದಲೇ ಸರ್ಕಾರ ಅಡ್ಡಬಂದಿತು, ಅವರು ಕದಲಲಿಲ್ಲ, ೧೯ರಂದು ಒಪ್ಪಂದದ ಕರಡು ಸಿದ್ಧವಾಯಿತು. ಒಂದು ಶಬ್ದದ ಅರ್ಥವ್ಯಾಪ್ತಿಗಾಗಿ ಹತ್ತು ಸಾವಿರ ಜನ ಬೀದಿಗಿಳಿದ ಪ್ರಸಂಗ ವ್ಯಾಕರಣದ ಚರಿತ್ರೆಯಲ್ಲಿ ಅಪೂರ್ವವೇ ಸರಿ.

‘ಲೈನ್’, ‘ಬಿಡ್’, ‘ರಿಸರ್ವ್’ ಎಂಬ ಮೂರನ್ನು ಒಟ್ಟಿಗೆ ನೋಡಬೇಕು. ತಿಂಗಳ ಕೆಲಸವನ್ನೆಲ್ಲ ಅಚ್ಚುಹಾಕಿದ ಹಾಳೆಯಲ್ಲಿ ಒಬ್ಬರಿಗೆ ಒಂದು ಸಾಲು ಬರುತ್ತಿದ್ದುದರಿಂದ ಅದಕ್ಕೆ ಲೈನ್ ಎಂದು ಹೆಸರಾಯಿತು. ಈಗ ಹಾಳೆ ಹೋಗಿ ಗಣಕ ಬಂದಿದೆ, ಸಾಲೆಂಬ ಮಾತು ಉಳಿದಿದೆ. ಬೇಕಾದ ಸಾಲನ್ನು ಕೇಳಿಕೊಳ್ಳುವುದು ಬಿಡ್, ಎಂದರೆ ಹರಾಜಿನ ಕೂಗು. ಈ ಹರಾಜಿನಲ್ಲಿ ಹಣ ನಡೆಯದು. ಸೇವೆಯಲ್ಲಿ ಕಳೆದ ವರ್ಷಗಳೇ ನಾಣ್ಯ. ಮೂವತ್ತು ವರ್ಷದವರು ಹಬ್ಬದ ರಜವನ್ನು ಕೊಳ್ಳುತ್ತಾರೆ. ಮೂರು ತಿಂಗಳಿನವರಿಗೆ ಮಿಕ್ಕದ್ದು ಬರುತ್ತದೆ. ಸಾಲೇ ಸಿಗದ ಕಿರಿಯರು ರಿಸರ್ವ್. ನಮ್ಮಲ್ಲಿ ರಿಸರ್ವ್ ಎಂಬ ಮಾತನ್ನು ಕಾಡಿಗೂ ಹಣಕ್ಕೂ ಬಳಸುತ್ತೇವೆ. ರಿಸರ್ವ್ ಕಾಡಿನಲ್ಲಿ ಕೊಡಲಿ ಹಾಕಕೂಡದು. ರಿಸರ್ವ್ ಮನುಷ್ಯನನ್ನಾದರೋ ಯಾವ ಗಳಿಗೆಯಲ್ಲಿ ಬೇಕಾದರೂ ಕರೆಯಬಹುದು. ಒಂದೇ ಶಬ್ದವು ಕಾಡಿಗೆ ಬೇಲಿಯಾಗಿ, ಮನುಷ್ಯನಿಗೆ ಬೇಲಿಯಿಲ್ಲದ ಬಯಲಾಗಿದೆ. ನಮ್ಮ ಬಂಧುಗಳ ಮನೆಯ ಹುಡುಗಿಯ ಸ್ಟ್ಯಾಂಡ್‌ಬೈ ಕೂಡ ಇದರ ತಂಗಿಯೇ.

ಇನ್ನು ‘ರೆಸ್ಟ್’. ವಿಶ್ರಾಂತಿಯೆಂದರೆ ಯಾರಿಗೆ ತಿಳಿಯದು? ಆದರೆ ಶಾಸನದ ವಿಶ್ರಾಂತಿ ಬೇರೆ. ೧೯೯೪ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮದಂತೆ ದಿನದ ಕೆಲಸದ ಬಳಿಕ ಪರಿಚಾರಕರಿಗೆ ಒಂಬತ್ತು ಗಂಟೆಗಳ ವಿಶ್ರಾಂತಿ ಇತ್ತು. ಕೆಲವು ಕಟ್ಟಳೆಗಳ ಮೇಲೆ ಅದನ್ನು ಎಂಟಕ್ಕೆ ಇಳಿಸಬಹುದಾಗಿತ್ತು. ಅದನ್ನು ಇಳಿಸಲಾಗದ ಹತ್ತು ಗಂಟೆಯನ್ನಾಗಿ ಮಾಡಬೇಕೆಂದು ೨೦೧೮ರಲ್ಲಿ ಅಲ್ಲಿಯ ಶಾಸನಸಭೆಯೇ ಅಪ್ಪಣೆ ಮಾಡಿತು. ನಿಯಮವು ಹೊರಟದ್ದು ೨೦೨೨ರಲ್ಲಿ. ಒಂದು ಗಂಟೆಯ ನಿದ್ರೆಗೆ ನಾಲ್ಕು ವರ್ಷದ ಕಾಯುವಿಕೆ! ಆ ಹತ್ತು ಗಂಟೆಯೊಳಗೆ ಏನೇನು ಅಡಗಿದೆಯೆಂದು ನೋಡಿದರೆ ಶಬ್ದದ ನಿಜರೂಪ ತಿಳಿಯುತ್ತದೆ. ದೂರದ ಪ್ರಯಾಣ ವಿಶ್ರಾಂತಿಯಲ್ಲವೆಂದು ನಿಯಮ ಒಪ್ಪುತ್ತದೆ. ನಿಲ್ದಾಣದಿಂದ ಹೋಟೆಲಿಗೆ ಹೋಗಿಬರುವ ಊರೊಳಗಿನ ಪ್ರಯಾಣ ಮಾತ್ರ ಲೆಕ್ಕದಲ್ಲಿ ವಿಶ್ರಾಂತಿಯೇ. ವ್ಯಾನಿಗಾಗಿ ಬೀದಿಯಲ್ಲಿ ನಿಲ್ಲುವುದು, ಕೋಣೆಯ ಬೀಗಕ್ಕಾಗಿ ಕಾಯುವುದು, ತಡರಾತ್ರಿಯಲ್ಲಿ ಸಿಕ್ಕಿದ್ದನ್ನು ಉಣ್ಣುವುದು, ಬೆಳಗ್ಗೆ ಸ್ನಾನ, ಸಮವಸ್ತ್ರ, ಮತ್ತೆ ವ್ಯಾನು ಇವೆಲ್ಲ ವಿಶ್ರಾಂತಿ. ನಿದ್ರೆಗೆ ಮಿಕ್ಕದ್ದೇ ಗತಿ.

ನಿದ್ರೆಯ ಮಾತು ಬಂದಾಗ ನಮ್ಮ ಕರಾವಳಿಯನ್ನು ನೆನೆಯದೆ ಇರಲಾಗದು. ೨೦೧೦ನೆಯ ಇಸವಿ ಮೇ ೨೨ರ ಬೆಳಗಿನಲ್ಲಿ ದುಬೈಯಿಂದ ಬಂದ ವಿಮಾನವು ಮಂಗಳೂರಿನ ನಿಲ್ದಾಣದ ಓಟದ ಹಾದಿಯನ್ನು ಮೀರಿ ಕಣಿವೆಗೆ ಉರುಳಿತು. ೧೫೮ ಮಂದಿ ಮಡಿದರು; ಉಳಿದವರು ಎಂಟೇ ಮಂದಿ. ಮಡಿದವರಲ್ಲಿ ನಾಲ್ವರು ಪರಿಚಾರಕರೂ ಇದ್ದರು. ಸಹಚಾಲಕನು ಎಚ್ಚರಿಸಿದರೂ ಕ್ಯಾಪ್ಟನನು ಇಳಿಯುವ ಯತ್ನವನ್ನು ಕೈಬಿಡದಿದ್ದುದೇ ಮುಖ್ಯ ಕಾರಣವೆಂದು ವಿಚಾರಣಾ ನ್ಯಾಯಮಂಡಲಿ ಹೇಳಿತು. ಕ್ಯಾಪ್ಟನನು ಹಾರಾಟದ ನಡುವೆ ಬಹಳ ಹೊತ್ತು ನಿದ್ರಿಸಿ ಎದ್ದಿದ್ದುದನ್ನೂ, ಆ ಪ್ರಯಾಣವು ‘ವಿಂಡೋ ಆಫ್ ಸರ್ಕೇಡಿಯನ್ ಲೋ’ ಎಂಬ ವೇಳೆಯಲ್ಲಿ ಸಾಗಿದುದನ್ನೂ ಅದು ಪೋಷಕ ಕಾರಣಗಳಲ್ಲಿ ಎಣಿಸಿತು. ಬೆಳಗಿನ ಜಾವ ಎರಡರಿಂದ ಆರರವರೆಗೆ ದೇಹದ ಎಚ್ಚರವು ತಳ ಮುಟ್ಟುವ ವೇಳೆಗೆ ಇಟ್ಟ ಹೆಸರಿದು. ಹಾರಾಟಕ್ಕೆ ಮೊದಲು ಕ್ಯಾಪ್ಟನನಿಗೆ ಸಾಕಷ್ಟು ವಿಶ್ರಾಂತಿಯ ಅವಧಿ ಇತ್ತೆಂದೂ ಮಂಡಲಿಯೇ ಬರೆದಿದೆ. ಕಾಗದದ ವಿಶ್ರಾಂತಿಯೂ ಕಣ್ಣಿನ ನಿದ್ರೆಯೂ ಎರಡಾಗಿರಬಹುದೆಂಬುದು ನಮ್ಮ ನೆಲದ ಮೇಲೆಯೇ ಬರೆದುಹೋದ ಪಾಠ.

ಈಚಿನ ಸಂಗತಿಯೊಂದು ಚಾಲಕರಿಗೆ ಸಂಬಂಧಿಸಿದ್ದಾದರೂ ಇಲ್ಲಿಗೆ ಸಲ್ಲುತ್ತದೆ. ನಮ್ಮ ದೇಶದ ಹೊಸ ನಿಯಮಗಳು ಅವರ ವಾರದ ವಿಶ್ರಾಂತಿಯನ್ನು ೩೬ ಗಂಟೆಗಳಿಂದ ೪೮ಕ್ಕೆ ಏರಿಸಿದವು. ಆ ವಿಶ್ರಾಂತಿಯ ಬದಲಿಗೆ ಅವರ ರಜವನ್ನು ಲೆಕ್ಕಕ್ಕೆ ಹಿಡಿಯಕೂಡದೆಂಬ ಒಂದು ವಾಕ್ಯವೂ ಅಲ್ಲಿತ್ತು. ೨೦೨೫ರ ಡಿಸೆಂಬರಿನಲ್ಲಿ ಸಾವಿರಾರು ವಿಮಾನಗಳು ರದ್ದಾಗಿ ಜನ ನಿಲ್ದಾಣಗಳಲ್ಲಿ ಕಂಗೆಟ್ಟಾಗ, ಇಲಾಖೆಯು ಹಿಂತೆಗೆದುಕೊಂಡದ್ದು ಈ ವಾಕ್ಯವನ್ನೇ. ವಿಶ್ರಾಂತಿಯು ದಣಿದ ದೇಹದ ಸಾಲ ತೀರಿಸುವುದು. ರಜವು ಮನೆಯ ಮದುವೆಗೆ, ಮಗುವಿನ ಜ್ವರಕ್ಕೆ ಆಗುವುದು. ಇವೆರಡನ್ನೂ ಪರ್ಯಾಯಪದಗಳೆಂದು ಒಪ್ಪುವ ನಿಘಂಟು ಯಾವುದೂ ಇಲ್ಲ.

ಈ ಪದರದಲ್ಲಿ ನಮಗೆ ಎಲ್ಲಕ್ಕಿಂತ ಕೆಡುಕಾಗಿ ತೋರಿದ ಪ್ರಯೋಗವನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ. ಶಾಸನದ ಮಿತಿಯೊಳಗೆ ಕೆಲಸಮಾಡಬಹುದಾದ ಪರಿಚಾರಕನು ‘ಲೀಗಲ್’. ತಡದ ಮೇಲೆ ತಡವಾಗಿ ಅವನ ಹೊತ್ತು ಮೀರುವಂತಾದರೆ ಅವನು ‘ಇಲ್ಲೀಗಲ್’ ಆದನೆನ್ನುತ್ತಾರೆ. ಕಾನೂನಿಗೆ ಮೀರಿ ಬೆಳೆದದ್ದು ಕಚೇರಿಯ ವೇಳಾಪಟ್ಟಿ. ಕಳಂಕದ ಹೆಸರು ಹತ್ತಿದ್ದು ದಣಿದ ಮನುಷ್ಯನಿಗೆ. ಅಲಂಕಾರಿಕರು ಇದನ್ನು ಲಕ್ಷಣೆಯೆಂದು ಕ್ಷಮಿಸಬಹುದು. ನಾವು ದೋಷಪ್ರಕರಣದಲ್ಲಿಯೇ ಸೇರಿಸುತ್ತೇವೆ.

ಇದಕ್ಕೆ ಎದುರಾಗಿ ಒಂದು ಸತ್ಯವಂತವಾದ ಮಾತೂ ಇದೇ ಪದರದಲ್ಲಿದೆ: ‘ಟೈಮ್ ಅವೇ ಫ್ರಂ ಬೇಸ್’, ತನ್ನ ಊರನ್ನು ಬಿಟ್ಟಿದ್ದ ಹೊತ್ತು. ಇದು ಚಕ್ರವನ್ನು ನೋಡದೆ ಮನೆಯ ಹೊಸಿಲನ್ನು ನೋಡುತ್ತದೆ. ಮೂರು ದಿನ ಹೊರಗಿದ್ದು ಅದರಲ್ಲಿ ಹಾರಿದ್ದು ಹದಿನೈದು ಗಂಟೆಯಾದರೂ, ಮನೆಯಲ್ಲಿಲ್ಲದ್ದು ಮೂರು ದಿನವೇ ಎಂದು ಅದು ಒಪ್ಪುತ್ತದೆ. ಹೊರಗಿದ್ದ ಇಷ್ಟು ಗಂಟೆಗೆ ಕನಿಷ್ಠ ಇಷ್ಟು ಕೂಲಿ ಎಂದು ಕೆಲವು ಕರಾರುಗಳು ಈ ಅಳತೆಯ ಮೇಲೆ ಕಟ್ಟುಮಾಡಿವೆ. ಬ್ಲಾಕಿನ ದೋಷಕ್ಕೆ ಅದರ ಪಕ್ಕದಲ್ಲಿಯೇ ಬೆಳೆದ ಮದ್ದು ಇದು.

ಮೂರನೆಯ ಪದರವೆಂದರೆ ಪರಿಚಾರಕರ ಮನೆಮಾತು. ಇಲ್ಲಿ ವ್ಯಂಜನೆಯು ಮೇಲುಗೈ. ಊರೂರು ಸುತ್ತಿ ಬಂದು, ಹೋಟೆಲಿನಲ್ಲಿ ಯಾರೊಡನೆಯೂ ಊಟಕ್ಕೆ ಹೋಗದೆ ನೇರವಾಗಿ ಕೋಣೆ ಸೇರುವವರನ್ನು ಅಮೆರಿಕದಲ್ಲಿ ‘ಸ್ಲ್ಯಾಮ್ ಕ್ಲಿಕರ್’ ಎನ್ನುತ್ತಾರೆ. ಮೊದಲನೆಯದು ಬಾಗಿಲು ಬಡಿದ ಸದ್ದು, ಎರಡನೆಯದು ಬೀಗ ಬಿದ್ದ ಸದ್ದು. ಅನುಕರಣಶಬ್ದಗಳಲ್ಲಿ ಕನ್ನಡವನ್ನು ಮೀರಿಸಿದ ಭಾಷೆಯಿಲ್ಲವೆಂದು ಹೆಮ್ಮೆಪಡುವ ನಾವು ಈ ಮಾತಿಗೆ ತಲೆದೂಗಬೇಕು. ದಣಿವು, ಒಂಟಿತನ, ಸ್ವಲ್ಪ ಮುನಿಸು ಮೂರೂ ಎರಡು ಸದ್ದುಗಳಲ್ಲಿ ಬಂದಿವೆ. ಕೆಲಸದ ಊರಿನಲ್ಲಿ ಮನೆಮಾಡಲಾರದವರು ಹತ್ತಾರು ಮಂದಿ ಸೇರಿ ಹಿಡಿಯುವ ಬಾಡಿಗೆಯ ಮಲಗುತಾಣ ‘ಕ್ರ್ಯಾಶ್‌ಪ್ಯಾಡ್’. ಅಲ್ಲಿ ಒಬ್ಬರು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗುವುದಾದರೆ ಅದು ‘ಹಾಟ್ ಬಂಕ್’. ಹಾಸಿಗೆ ಆರುವುದೇ ಇಲ್ಲ. ದಿನವೆಲ್ಲ ಅಪಘಾತದ ವಿಷಯದಲ್ಲಿ ಎಚ್ಚರವಾಗಿರುವವರೇ ತಮ್ಮ ನಿದ್ರೆಗೆ ಅಪಘಾತದ ಹೆಸರನ್ನಿಟ್ಟುಕೊಂಡಿದ್ದಾರೆ. ಮುಖ ಕಂಡರಿಯದ ಇಬ್ಬರು ಮಡಿಸುವ ಪೀಠದಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತು, ಮನೆಯ ಕಷ್ಟಸುಖವನ್ನೆಲ್ಲ ತೋಡಿಕೊಂಡು, ಇಳಿದ ಮೇಲೆ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ; ಇದು ‘ಜಂಪ್‌ಸೀಟ್ ಥೆರಪಿ’. ಎರಡನೆಯ ಪದರದವರು ಬಚ್ಚಿಟ್ಟದ್ದನ್ನು ಈ ಮೂರನೆಯ ಪದರದವರು ನಗುತ್ತ ಹೊರಗಿಟ್ಟಿದ್ದಾರೆ. ಒಳ್ಳೆಯ ಜಾನಪದದ ಲಕ್ಷಣವೂ ಇದೇ.

ಕೊನೆಯದಾಗಿ, ಮಾತಾಡುವವರಿಗೆ ಇಟ್ಟ ಹೆಸರನ್ನು ಪರೀಕ್ಷಿಸಬೇಕು. ಸ್ಟೂವರ್ಡ್ ಎಂಬ ಹಳೆಯ ಇಂಗ್ಲೀಷಿನ ಮಾತಿಗೆ ಮನೆಯನ್ನು ಕಾಯುವವನೆಂದು ಮೂಲಾರ್ಥ. ಅದರ ಸ್ತ್ರೀರೂಪ ಹಡಗಿನಿಂದ ವಿಮಾನಕ್ಕೆ ಬರುವ ಹೊತ್ತಿಗೆ ಕಾವಲು ಮರೆಯಾಗಿ ಉಪಚಾರ ಉಳಿಯಿತು. ಗಂಡಸರಿಗೂ ಈ ಕೆಲಸ ಸಲ್ಲಬೇಕೆಂದು ೧೯೭೧ರಲ್ಲಿ ಅಮೆರಿಕದ ನ್ಯಾಯಾಲಯವೊಂದು ತೀರ್ಪುಕೊಟ್ಟಿತು. ಆ ಸುಮಾರಿನಲ್ಲಿ ಹೆಣ್ಣು ಗಂಡೆನ್ನದ ‘ಫ್ಲೈಟ್ ಅಟೆಂಡೆಂಟ್’ ಎಂಬ ಹೆಸರು ನಿಂತಿತು. ನಮ್ಮ ದೇಶದ ಕಥೆ ಇನ್ನೂ ಕಹಿ. ಏರ್ ಇಂಡಿಯಾದಲ್ಲಿ ಒಂದೇ ವಿಮಾನದಲ್ಲಿ ಕೆಲಸಮಾಡುವ ಗಂಡಸಿಗೆ ಸಹಾಯಕ ಪರ್ಸರ್ ಎಂದೂ ಹೆಂಗಸಿಗೆ ಏರ್ ಹೋಸ್ಟೆಸ್ ಎಂದೂ ಹೆಸರಿತ್ತು. ಹೋಸ್ಟೆಸ್ಸಿಗೆ ಸಾಮಾನ್ಯವಾಗಿ ೩೫ನೆಯ ವಯಸ್ಸಿಗೆ ನಿವೃತ್ತಿ. ಮೊದಲ ಗರ್ಭಕ್ಕೇ ಕೆಲಸ ಹೋಗುತ್ತಿತ್ತು. ೧೯೮೧ರಲ್ಲಿ ನರ್ಗೀಸ್ ಮಿರ್ಜಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಗರ್ಭದ ನಿಯಮವನ್ನು ಹೊಡೆದುಹಾಕಿತು. ಹೆಸರುಗಳು ಬೇರೆ, ವರ್ಗಗಳು ಬೇರೆ, ಆದುದರಿಂದ ನಿಯಮಗಳೂ ಬೇರೆಯಾಗಿರಬಹುದೆಂಬ ವಾದವನ್ನು ಮಾತ್ರ ಒಪ್ಪಿಕೊಂಡಿತು. ಹೆಸರು ಬರಿಯ ಅಲಂಕಾರವೆನ್ನುವವರು ಆ ತೀರ್ಪನ್ನು ಒಮ್ಮೆ ಓದಬೇಕು. ೧೯೮೬ನೆಯ ಇಸವಿ ಸೆಪ್ಟೆಂಬರ್ ೫ರಂದು ಕರಾಚಿಯಲ್ಲಿ ಅಪಹರಣಕಾರರ ಗುಂಡಿಗೆ ತಾನು ಬಲಿಯಾಗಿ ಪ್ರಯಾಣಿಕರನ್ನು ಉಳಿಸಿ, ಮರಣಾನಂತರ ಅಶೋಕಚಕ್ರವನ್ನು ಪಡೆದ ನೀರ್ಜಾ ಭಾನೋಟ್ ಆ ವಿಮಾನದ ಪರ್ಸರ್ ಆಗಿದ್ದಳು. ಆಕೆ ಮಾಡಿದ ಕಾರ್ಯವನ್ನು ಆತಿಥ್ಯವೆಂದು ಕರೆಯಲು ಯಾರಿಗೆ ನಾಲಿಗೆ ಬಂದೀತು?

ಹೊರಗಿನವರ ದೋಷವನ್ನು ಇಷ್ಟು ಹೇಳಿದ ಮೇಲೆ ಮನೆಯ ದೋಷವನ್ನು ಮುಚ್ಚಿಡಬಾರದು. ಕನ್ನಡದ ಪತ್ರಿಕೆಗಳು ಇವರಿಗೆ ‘ಗಗನಸಖಿ’ ಎಂದು ಹೆಸರಿಟ್ಟಿವೆ. ಕಿವಿಗೆ ಇಂಪಾದ ಮಾತು, ಸಮಾಸವೂ ಶುದ್ಧ. ಆದರೆ ನಮ್ಮ ನಾಟಕಗಳಲ್ಲಿ ಸಖಿಯೆಂದರೆ ಯಾರು? ನಾಯಿಕೆಯ ಪಕ್ಕದಲ್ಲಿ ನಿಂತು, ಚಾಮರ ಬೀಸಿ, ಸಂದೇಶ ಒಯ್ದು, ತನಗೆಂದು ಒಂದು ಕಥೆಯೂ ಇಲ್ಲದೆ ತೆರೆಯ ಹಿಂದೆ ಸರಿಯುವವಳು. ಆಕೆಗೆ ದಣಿವಿಲ್ಲ, ವಯಸ್ಸಾಗುವುದಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಇದೇ ಕೆಲಸದ ಗಂಡಸನ್ನು ‘ಗಗನಸಖ’ನೆಂದು ಬರೆದರೆ ಓದುವವರು ನಗುತ್ತಾರೆ, ಹೆಂಗಸಿನ ಹೆಸರಿಗೆ ನಗು ಬಾರದಿರುವುದು ನಮ್ಮ ಅಭ್ಯಾಸದ ದೋಷ. ‘ಪರಿಚಾರಕ’, ‘ಪರಿಚಾರಿಕೆ’ ಎಂಬ ಮಾತುಗಳು ನಮಗೆ ಸಾಕು. ರೋಗಿಯ ಬಳಿ ಎಚ್ಚರವಾಗಿ ಓಡಾಡುವವರಿಗೆ ಸಲ್ಲುವ ಮಾತಿದು. ಎಲೆನ್ ಚರ್ಚಳೂ ಆಕೆಯ ಗೆಳತಿಯರೂ ದಾದಿಯರಾಗಿದ್ದುದನ್ನು ನೆನೆದರೆ ಈ ಹೆಸರಿನ ಔಚಿತ್ಯ ಇನ್ನೂ ಹೆಚ್ಚುತ್ತದೆ.

ಇವೆಲ್ಲವನ್ನೂ ಕನ್ನಡಿಸಬೇಕೇ ಎಂಬ ಪ್ರಶ್ನೆಗೆ ನಮ್ಮ ಅಭಿಪ್ರಾಯ ಹೀಗಿದೆ. ಅಪಾಯದ ಮಾತುಗಳನ್ನು ಅವರು ಆಡುವಂತೆಯೇ ಬಿಡತಕ್ಕದ್ದು. ಬೆಂಕಿಯ ನಡುವೆ ಎರಡು ಭಾಷೆ ಕೂಡದು. ಮನೆಮಾತುಗಳು ತಾವಾಗಿಯೇ ಕನ್ನಡದಲ್ಲಿಯೂ ಹುಟ್ಟುತ್ತವೆ. ಬಹುಶಃ ಹುಟ್ಟಿಯೂ ಇವೆ. ಹೊತ್ತಿನ ಮಾತುಗಳನ್ನು ಮಾತ್ರ ಅಗತ್ಯವಾಗಿ ಕನ್ನಡಿಸಬೇಕು. ಬ್ಲಾಕ್ ಎಂದರೆ ‘ಚಕ್ರದ ಹೊತ್ತು’, ಸ್ಟ್ಯಾಂಡ್‌ಬೈ ಎಂದರೆ ‘ಕರೆಗಾಗಿ ಕಾಯುವ ಹೊತ್ತು’, ರೆಸ್ಟ್ ಎಂದರೆ ‘ಕೆಲಸದಿಂದ ಕೆಲಸದವರೆಗಿನ ಹೊತ್ತು’ ಎಂದು ಬಿಡಿಸಿ ಬರೆದೊಡನೆ, ಇಂಗ್ಲೀಷಿನ ಹೊಳಪಿನಲ್ಲಿ ಕಾಣದಿದ್ದುದು ಮನೆಯ ಹಿರಿಯರಿಗೂ ಕಾಣುತ್ತದೆ. ಮಗಳು ಹಬ್ಬಕ್ಕೆ ಏಕೆ ಬರಲಿಲ್ಲ, ಬಂದರೂ ಏಕೆ ಫೋನನ್ನೇ ನೋಡುತ್ತಾಳೆ, ಮಗನು ಹೋಟೆಲಿನಲ್ಲಿ ಹತ್ತು ಗಂಟೆ ಇದ್ದರೂ ಏಕೆ ನಿದ್ರೆ ಸಾಲದೆನ್ನುತ್ತಾನೆ ಎಂದು ಮುನಿಸಿಕೊಳ್ಳುವ ತಂದೆತಾಯಿಗಳು ನಮ್ಮ ವಾಚಕರಲ್ಲಿಯೇ ಇರಬಹುದು. ಅವರಿಗೆ ಈ ಭಾಷಾಂತರ ಉಪಯೋಗವಾಗುವುದು.

ಆ ದಿನ ಹುಡುಗಿಯ ಫೋನು ಹೊಡೆದುಕೊಳ್ಳಲೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳ ಅವಧಿ ಮುಗಿಯಿತು. ಸಮವಸ್ತ್ರವನ್ನು ಮಡಿಸಿಟ್ಟು, ಮುಖ ತೊಳೆದುಕೊಂಡು ಬಂದು, ಆರಿಹೋದ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. ಅಜ್ಜಿ ಮತ್ತೆ ಕೇಳಿದರು: “ಹಾಗಾದರೆ ಈ ದಿನ ಯಾರ ಲೆಕ್ಕಕ್ಕೆ ಹೋಯಿತು?” ಹುಡುಗಿ ಉತ್ತರ ಹೇಳಲಿಲ್ಲ. ಈ ಕಸುಬಿನಲ್ಲಿರುವ ಮಕ್ಕಳನ್ನುಳ್ಳ ವಾಚಕರು, ಅವರ ಬಾಯಿಂದ ಕೇಳಿದ ಮಾತುಗಳನ್ನು ಅರ್ಥಸಹಿತವಾಗಿ ಬರೆದು ಪತ್ರಿಕೆಗೆ ಕಳುಹಿಸಿದರೆ ಕ್ರಮವಾಗಿ ಪ್ರಕಟಿಸಬಹುದು. ಹೊತ್ತಿನ ಹೆಸರುಗಳನ್ನು ಮೊದಲು ಕಳುಹಿಸಬೇಕೆಂದು ಕೋರುತ್ತೇವೆ.